ಮಣ್ಣಿನ ಪಾಲು

ಇಂದ್ರಾಬಾಯಿ ಬದುವಿನ ಮೇಲೆ ಬಿದ್ದಿದ್ದ ಕೊನೆಯ ದಂಟನ್ನೂ ಬಿಡದೆ ಎತ್ತಿ ಪೆಂಡಿಗೆ ಸಿಕ್ಕಿಸಿದಳು. ಹಳೆಯ ಸೀರೆಯ ಅಂಚಿನಿಂದ ಅದನ್ನು ಬಿಗಿಯಾಗಿ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ಹೊಲವನ್ನೊಮ್ಮೆ ನೋಡಿದಳು. ಮೊನ್ನೆ ಮೊನ್ನೆತನಕ ಗೋವಿನಜೋಳ ನಿಂತಿದ್ದ ಹೊಲ ಈಗ ಹಬ್ಬದ ದಿನದ ಅಂಗಳದಂತೆ ಚೊಕ್ಕಟವಾಗಿತ್ತು. ರಂಗೋಲಿ ಹಾಕುವುದೊಂದೇ ಬಾಕಿ.

"ಮೂರರಾಗ ಒಂದ ಸಾಲ ಹೊಲದಾಗ ಬಿಡ್ರಿ ಅಂತ ರವಿ ಮಾಮಾ ಹೇಳಿದ್ದಾ," ಎಂದಳು ಮಗಳು ಸೃಷ್ಟಿ. ಬೆಳಗಿನಿಂದ ದಂಟು ಹೊತ್ತು ಅವಳ ಕೈತುಂಬ ಗೀರುಗಳಾಗಿದ್ದವು. "ಪೆಂಡಿ ಕಟ್ಟೂ ಮಷೀನಿನಾಂವ ಬಿಟ್ಟ ಹೋಗಿದ್ದಾ. ನೀ ಅದನ್ನೂ ಬಳದಿ."

"ಅಂವ ಅಂತಾನ. ಅಳ್ಯಾ ಆಗಾಂವ ಊಟಕ್ಕ ಕುಂತಾಗ ಸಾಕ ಅಂದ್ರ ಸೌಟ ಹಿಂದಕ ತಗೀತಾರೇನ? ಮ್ಯಾಲ ಇನ್ನೊಂದ ಸೌಟ ಹಾಕಬೇಕು. ಅದು ರೀತಿ."

ರವಿಕುಮಾರ ಇಂದ್ರಾಬಾಯಿಯ ಅಣ್ಣನ ಮಗ. ಜತ್ತ ಪಟ್ಟಣದ ಆಚೆ ದಂಟಿನಿಂದ ಗ್ಯಾಸು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಆ ಗ್ಯಾಸಿನಿಂದ ಗಾಡಿಗಳು ಓಡುತ್ತವಂತೆ. ಊರೂರು ತಿರುಗಿ ರೈತರ ಹೊಲದ ದಂಟು ಗೊತ್ತು ಮಾಡುವುದು ಅವನ ಪಾಲಿಗೆ ಬಂದ ಕೆಲಸ. ದಸರೆಯಲ್ಲಿ ಅವನಿಗೂ ಸೃಷ್ಟಿಗೂ ಮದುವೆಯ ಮಾತು ಎದ್ದಿತ್ತು. ಅಲ್ಲಿಯವರೆಗೆ "ಏ ರವ್ಯಾ" ಎಂದು ಕೂಗುತ್ತಿದ್ದ ಇಂದ್ರಾಬಾಯಿ ಅಂದಿನಿಂದ "ಬರ್ರಿ, ಕುಂದ್ರಿ" ಎನ್ನತೊಡಗಿದ್ದಳು. ಅವನಿಗೆ ಅದು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು, ಆದರೆ ಹೇಳುವಂತಿರಲಿಲ್ಲ.

ಹೋದ ವಾರ ಇವರ ಊರಾದ ಬೆಳುಂಕಿಗೆ ಬಂದು ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದ್ದ. ದಂಟಿಗೆ ಬೆಂಕಿ ಹಚ್ಚಬೇಡಿರಿ, ಕಾರ್ಖಾನೆಗೆ ಕೊಡಿರಿ, ಆದರೆ ಎಲ್ಲ ಕೊಡಬೇಡಿರಿ. ಒಂದು ಪಾಲು ಮಣ್ಣಿಗೆ ಬಿಡಬೇಕು, ಇಲ್ಲದಿದ್ದರೆ ನಾಲ್ಕು ವರ್ಷದಲ್ಲಿ ನೆಲ ಬರಡಾಗುತ್ತದೆ. ಇಂದ್ರಾಬಾಯಿ ಎಲ್ಲದಕ್ಕೂ ಹೂಂಗುಟ್ಟಿದ್ದಳು. ಅವಳ ಲಕ್ಷ್ಯವೆಲ್ಲ ಹುಡುಗ ಎಷ್ಟು ಸೊರಗಿದ್ದಾನೆ ಎಂಬುದರ ಮೇಲಿತ್ತು. ಪಾಪ, ಅತ್ತೆಯ ಹತ್ತಿರ ಎಲ್ಲ ಕೊಡು ಎನ್ನಲು ನಾಚುತ್ತಾನೆ ಎಂದು ಅವಳೇ ತೀರ್ಮಾನ ಮಾಡಿಬಿಟ್ಟಿದ್ದಳು.

ದಾರಿಯ ಕಡೆಯಿಂದ ಧೂಳೆದ್ದಿತು. ಹಿಂದೆಯೇ ಕುರಿಗಳ ಕೂಗು. ಮುಂದೆ ಕೋಲು ಹಿಡಿದು ಬರುತ್ತಿದ್ದವಳು ಯಲ್ಲವ್ವ. ಇಂದ್ರಾಬಾಯಿ ತಿರುಗಿ ಬೋಳು ಹೊಲ ನೋಡಿದಳು.

ಯಲ್ಲವ್ವನ ಕುರಿಗಳು ವರ್ಷ ವರ್ಷವೂ ಎಳ್ಳಮಾವಾಸ್ಯೆ ಮುಗಿದ ಮೇಲೆ ಈ ಹೊಲದಲ್ಲಿ ನಿಲ್ಲುತ್ತಿದ್ದವು. ಉಳಿದ ಎಲೆ, ದಂಟು ತಿಂದು, ಹಿಕ್ಕೆ ಹಾಕಿ ಹೋದರೆ ಮುಂದಿನ ಬೆಳೆ ಆಳೆತ್ತರ. ಹೋದ ವರ್ಷ ಬೀಳ್ಕೊಡುವಾಗ ಇಂದ್ರಾಬಾಯಿ ಅವಳ ಉಡಿ ತುಂಬಿ "ಮತ್ತ ಬಾರವ್ವಾ" ಎಂದಿದ್ದಳು. ಉಡಿ ತುಂಬಿ ಹೇಳಿದ ಮಾತು ಸುಮ್ಮನೆ ಹೇಳಿದ ಮಾತಲ್ಲ.

ಯಲ್ಲವ್ವ ಬದುವಿನ ಮೇಲೆ ನಿಂತು ಹೊಲ ನೋಡಿದಳು. "ಹೊಲಾ ಭಾಳ ಸ್ವಚ್ಛ ಆಗೇತ್ರಿ ಅಕ್ಕಾರ," ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಇಂದ್ರಾಬಾಯಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಎಳ್ಳಮಾಸಿ ಆದಮ್ಯಾಗ ಬರ್ತಿ ಅಂತ ಮಾಡಿದ್ನೆವ್ವಾ. ಅಷ್ಟೊತ್ತಿಗೆ ತೊಗರಿ ಹೊಲಾ ಖಾಲಿ ಆಗ್ತಿತ್ತು."

"ಅಲ್ಲೀತನಕ ಎಲ್ಲಿ ನಿಲ್ಲೂದ್ರಿ? ಈ ಸಲ ಹಾದಿ ಮ್ಯಾಗಿನ ಹೊಲಾ ಎಲ್ಲಾ ಬೋಳ. ಒಂದ ದಂಟ ಬಿಡದಂಗ ಪೆಂಡಿ ಕಟ್ಟಿ ಒಯ್ದಾರ. ಮರಿ ಈಯೋ ಕುರಿ ಭಾಳ ಅದಾವು. ನಾಕ ದಿನ ಒಂದ ಕಡೆ ಹೊಟ್ಟಿ ತುಂಬ ತಿಂದ ನಿಂತ್ರ ಮರಿ ಉಳೀತಾವು. ಅಕ್ಕಾರ ಹೊಲ ಐತೆಲ್ಲಾ ಅಂತ ಬಂದ್ವಿ." ಅಷ್ಟು ಹೇಳಿದವಳು ಹೇಳಬಾರದಿತ್ತೇನೋ ಎಂಬಂತೆ ಕೋಲು ಬದಲಿಸಿದಳು. "ಇರ್ಲಿ ಬಿಡ್ರಿ. ಡಫಳಾಪುರದ ಕಡೆ ಹೋಗ್ತೀವಿ. ಒಂದೀಟ ನೀರ ಕುಡಿಸ್ಕೊಂಡ ಹೋಗ್ತೀವಿ."

ಅವಳ ಹೆಗಲ ಕಂಬಳಿಯೊಳಗಿಂದ ಆಗತಾನೇ ಹುಟ್ಟಿದ ಮರಿಯೊಂದು ಮೂತಿ ಹೊರಹಾಕಿತು. ತಾಯಿ ಕುರಿ ಅವಳ ಕಾಲಿಗೆ ಅಂಟಿಕೊಂಡೇ ನಿಂತು ಬರಿ ನೆಲ ಮೂಸುತ್ತಿತ್ತು. ಇಂದ್ರಾಬಾಯಿ ರಾಶಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಪೆಂಡಿಗಳೇನೋ ಕಣ್ಣ ಮುಂದೆಯೇ ಇದ್ದವು. ಆದರೆ ಅವು ಅಳಿಯನಿಗೆಂದು ಎತ್ತಿಟ್ಟವು. ಕೊಟ್ಟದ್ದನ್ನು ತಿರುಗಿ ಕೇಳಿದರೆ ಅಣ್ಣನ ಮನೆಯಲ್ಲಿ ಏನೆಂದಾರು? ಇನ್ನೂ ವೀಳ್ಯ ಬದಲಾಗದ ಸಂಬಂಧ. ಕೇಳದಿದ್ದರೆ ಯಲ್ಲವ್ವ ಈಗ ಹೊರಟುಬಿಡುತ್ತಾಳೆ, ದಾರಿಯಲ್ಲಿ ಎಷ್ಟು ಮರಿ ಉಳಿದಾವೋ ಯಾರಿಗೆ ಗೊತ್ತು.

ಅಷ್ಟರಲ್ಲಿ ದಂಟು ಒಯ್ಯಲು ರವಿಕುಮಾರನ ಟ್ರ್ಯಾಕ್ಟರ್ ಬಂದೇಬಿಟ್ಟಿತು.

"ಬರ್ರಿ, ಕುಂದ್ರಿ," ಎಂದಳು ಇಂದ್ರಾಬಾಯಿ, ಕೂರಲು ಅಲ್ಲೇನೂ ಇಲ್ಲದಿದ್ದರೂ.

ರವಿಕುಮಾರ ಕೆಳಗಿಳಿದು ರಾಶಿಯ ಕಡೆ ನೋಡಿದ. ಒಂದು ಕಡೆ ಮಷೀನು ಕಟ್ಟಿದ ಚೌಕನೆಯ ಪೆಂಡಿಗಳು. ಪಕ್ಕದಲ್ಲಿ ಹಸಿರು, ನೀಲಿ ಅಂಚುಗಳಿಂದ ಕಟ್ಟಿದ ಕೈಪೆಂಡಿಗಳು. ಆ ನೀಲಿ ಅಂಚು ಅವನಪ್ಪ ಯಾವುದೋ ಪಂಚಮಿಗೆ ತಂಗಿಗೆ ಉಡಿಸಿದ ಸೀರೆಯದು. ಅವನು ಬೋಳು ಹೊಲ ನೋಡಿದ, ಕುರಿಗಳನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ.

"ರವ್ಯಾ," ಎಂದಳು ಇಂದ್ರಾಬಾಯಿ. ಎರಡು ತಿಂಗಳಿಂದ ತಡೆದಿಟ್ಟದ್ದು ಜಾರಿ ಬಿದ್ದಿತ್ತು. "ತಪ್ಪ ಮಾಡೀನೋ. ನೀ ಸಾಕ ಅಂದಿದ್ದಿ, ನಾ ಮ್ಯಾಲೊಂದ ಸೌಟ ಹಾಕಿದೆ. ಕೊಟ್ಟಿದ್ದ ತಿರಗಿ ಕೇಳಬಾರದು, ನಂಗ ಗೊತ್ತೈತಿ. ಆದ್ರ ಆ ಕುರಿ ಹಸದಾವೋ. ನಾ ಕಟ್ಟಿದ್ದಷ್ಟ ನಂಗ ಕೊಟ್ಟಬಿಡೋ."

ರವಿಕುಮಾರ ಬೂಟು ಬಿಚ್ಚಿ ಬದುವಿನ ಮೇಲಿಟ್ಟ, ಪ್ಯಾಂಟು ಮಡಚಿದ. ನೀಲಿ ಅಂಚಿನ ಪೆಂಡಿಯೊಂದನ್ನು ಹೊತ್ತು ಹೊಲದ ನಡುವೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಗಂಟು ಬಿಚ್ಚಲೊಲ್ಲದು. ಕೊನೆಗೆ ಹಲ್ಲು ಹಚ್ಚಿದ.

"ಎಷ್ಟ ಬಿಗದೀದಿ ಅತ್ತಿ!" ಎಂದು ಕೂಗಿದ. ಅವಳ 'ರವ್ಯಾ'ಗೆ ಅವನ ಹಳೆಯ ಏಕವಚನವೂ ತಿರುಗಿ ಬಂದಿತ್ತು. ಇಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಧೂಳು ಎಂದಳು.

ನಾಲ್ವರೂ ಸೇರಿ ದಂಟು ಹರವಿದರು. ರವಿಕುಮಾರ ಹರವುತ್ತಲೇ ಯಲ್ಲವ್ವನನ್ನು ಕೇಳಿದ, "ಹಾದ್ಯಾಗ ಯಾವ್ಯಾವ ಊರಾಗ ಬೋಳ ಮಾಡ್ಯಾರ ಹೇಳ್ರಿ ಅವ್ವಾರ. ನಾಳಿಂದ ಅಲ್ಲಿಗೆಲ್ಲಾ ಹೋಗಿ ಹೇಳಿ ಬರ್ತೀನಿ." ಯಲ್ಲವ್ವ ಒಂದೊಂದೇ ಊರಿನ ಹೆಸರು ಹೇಳಿದಳು. ಆಮೇಲೆ ಬದುವಿಗೆ ಬಂದು ಕಂಬಳಿಯಿಂದ ಮರಿಯನ್ನು ತೆಗೆದು ತಾಯಿಯ ಮುಂದೆ ಬಿಟ್ಟಳು. ಮರಿ ಕಾಲೂರಲು ಬಾರದೆ ಅಲ್ಲಿದ್ದ ರವಿಕುಮಾರನ ಬೂಟಿಗೆ ಒರಗಿ ನಿಂತಿತು.

"ಹೊಟ್ಟಿ ತುಂಬ ಮೇವ ಐತಿ. ಎಂಟ ದಿನ ನಿಲ್ತೀವ್ರಿ ಅಕ್ಕಾರ," ಎಂದಳು ಯಲ್ಲವ್ವ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ರೊಟ್ಟಿ, ಬದನೆಕಾಯಿ ಪಲ್ಯ, ಅಳಿಯನಿಗೆಂದು ಗೋಧಿ ಹುಗ್ಗಿ. ಇಂದ್ರಾಬಾಯಿ ಎರಡನೆಯ ಸಲ ಹುಗ್ಗಿಯ ಸೌಟು ಎತ್ತಿದಾಗ ರವಿಕುಮಾರ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ.

"ಸಾಕ ಅತ್ತಿ."

ಸೌಟು ಹಾಗೇ ನಿಂತಿತು. ಇಂದ್ರಾಬಾಯಿ ಅವನ ಮುಖ ನೋಡಿದಳು, ಹೊಲ ನೋಡಿದಳು. ಮೆಲ್ಲಗೆ ಹುಗ್ಗಿಯನ್ನು ತಿರುಗಿ ಪಾತ್ರೆಗೆ ಸುರಿದಳು. ಸೃಷ್ಟಿ ನಗು ಬಾರದಂತೆ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಕುರಿಗಳು ದಂಟು ಅಗಿಯುವ ಸಪ್ಪಳವಷ್ಟೇ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ರವಿಕುಮಾರ, ಕುರಿಗಳ ಕಡೆಗೇ ನೋಡುತ್ತ, ತನ್ನ ತಾಟನ್ನು ಮೆಲ್ಲಗೆ ಪಾತ್ರೆಯ ಹತ್ತಿರಕ್ಕೆ ಸರಿಸಿದ.