ಸರ್ಕಾರಿ ಕೈ

"ಮೇಷ್ಟ್ರೇ, ಮದ್ರಾಸಿಂದ ಸರ್ಕಾರಿ ರೇಡಿಯೋ ಇಂಜಿನೀರು ಬಂದವ್ರೆ. ಬಂಗ್ಲೆತಾವ ಕರಿತಾವ್ರೆ," ಎಂದು ಕಾನ್‌ಸ್ಟೇಬಲ್ ಜುಂಜಣ್ಣ ಬಾಗಿಲಲ್ಲಿ ನಿಂತು ಹೇಳಿದಾಗ ಲಕ್ಷ್ಮೀನರಸಪ್ಪ ನಕ್ಕುಬಿಟ್ಟ.

ನಗದೆ ಇನ್ನೇನು ಮಾಡಿಯಾನು? ಆ ಹುದ್ದೆಯ ಮನುಷ್ಯನೊಬ್ಬ ಭೂಮಿಯ ಮೇಲಿದ್ದಾನೆಂದು ಅವನು ನಂಬಿದವನೇ ಅಲ್ಲ. ಸರ್ಕಾರಿ ರೇಡಿಯೋ ಇಂಜಿನಿಯರ್ ಎಂಬುದು ಅವನೂ ರಾಯದುರ್ಗದ ಗೆಳೆಯ ಉಚ್ಚಂಗೆಪ್ಪನೂ ಸೇರಿ ಹುಟ್ಟಿಸಿ, ಹಾಲೆರೆದು ಸಾಕಿದ ತಮಾಷೆ. ಹಾಗಾಗಿ ಜುಂಜಣ್ಣನ ಬೆನ್ನ ಹಿಂದೆ, ಬೇವಿನ ಮರದ ಮರೆಯಲ್ಲಿ, ಉಚ್ಚಂಗೆಪ್ಪ ಹಲ್ಲು ಕಿಸಿದು ನಿಂತಿರಬೇಕೆಂದು ಅವನು ಕತ್ತು ಚಾಚಿ ನೋಡಿದ. ಮರದ ಕೆಳಗೆ ಜುಂಜಣ್ಣನ ಸೈಕಲ್ಲು ಮಾತ್ರ ಇತ್ತು. ಜುಂಜಣ್ಣ ನಗುತ್ತಿರಲಿಲ್ಲ.

"ನಗೋ ಹೊತ್ತಲ್ಲ ಮೇಷ್ಟ್ರೇ. ಲಾರಿ ತುಂಬ ಪೆಟ್ಟಿಗೆ ತಂದವ್ರೆ. ನಮ್ಮ ತಾಸೀಲ್ದಾರ್ರೇ ಕೈ ಕಟ್ಕೊಂಡು ನಿಂತವ್ರೆ. ಅಂಗಿ ಹಾಕ್ಕಂಡು ಬನ್ನಿ."

ಒಳಗೆ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಈಶ್ವರಮ್ಮ ಕುಡುಗೋಲು ಕೆಳಗಿಟ್ಟು ಬಂದಳು. ಜುಂಜಣ್ಣನ ಮುಖ ನೋಡಿ, ಗಂಡನ ಮುಖ ನೋಡಿ, ಅಂಗಿ ತಂದುಕೊಡುವ ನೆವದಲ್ಲಿ ಅವನನ್ನು ನಡುಮನೆಗೆ ಕರೆದಳು.

"ನಾ ಬಡ್ಕಂಡೆ. ಆ ಕಿವಿಗಾಕ್ಕಳ್ಳೋದನ್ನ ಕೆರೆಗೆಸೀರಿ ಅಂತ ಬಡ್ಕಂಡೆ."

"ಕೇಳೋದು ತಪ್ಪಲ್ಲ ಕಣೆ. ರೇಡಿಯೋಗೆ ಲೈಸೆನ್ಸ್ ಐತೆ."

"ತಪ್ಪಲ್ದಿದ್ರೆ ಯಾಕಂಗೆ ನಡುಗ್ತೀರ?" ಎಂದು ಅವಳೇ ಅವನ ಅಂಗಿಯ ಗುಂಡಿ ಹಾಕಿದಳು.

ಈ ಹುಚ್ಚು ಹತ್ತಿದ್ದು ಗುಂತಕಲ್ಲಿನಲ್ಲಿ. ಇಬ್ಬರೂ ಅಲ್ಲಿ ತಂತಿ ಕೆಲಸ ಕಲಿಯಲು ಹೋದವರು. ಚುಕ್ಕೆ ಮತ್ತು ಗೆರೆ, ಕೀ ಒತ್ತಿ ಬಿಡುವ ಗಿಡ್ಡ ಸದ್ದು ಉದ್ದ ಸದ್ದು, ಅಷ್ಟರಲ್ಲಿ ಲೋಕದ ಮಾತನ್ನೆಲ್ಲ ಆಡಬಹುದೆಂದು ಕಂಡು ಮರುಳಾದರು. ಉಚ್ಚಂಗೆಪ್ಪನಿಗೆ ರಾಯದುರ್ಗದ ರೈಲು ಸ್ಟೇಷನ್ನಿನಲ್ಲಿ ಕೆಲಸವಾಯಿತು. ಲಕ್ಷ್ಮೀನರಸಪ್ಪ ಅಪ್ಪ ತೀರಿಕೊಂಡದ್ದರಿಂದ ಮಡಕಶಿರಕ್ಕೆ ಮರಳಿ ಶಾಲೆಯ ಮೇಷ್ಟ್ರಾದ. ಆಮೇಲೆ ಇಬ್ಬರೂ ಹವ್ಯಾಸಿ ರೇಡಿಯೋ ಲೈಸೆನ್ಸು ತೆಗೆದು, ಕೈಯಾರೆ ಸೆಟ್ಟು ಕಟ್ಟಿ, ಬಸ್ಸಿನ ಹಳೆಯ ಬ್ಯಾಟರಿ ಹೂಡಿ, ಮನೆಯ ಮೇಲೆ ಬಿದಿರು ನೆಟ್ಟು ತಂತಿ ಎಳೆದು, ದಿನಾ ಮಧ್ಯಾಹ್ನ ತಂತಿಯೇ ಇಲ್ಲದ ತಂತಿಮಾತು ನಡೆಸಿದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

"ಸರಕಾರಿ ರೇಡಿಯೋ ಇಂಜಿನೀರಂದ್ರ ಏನು ತಿಳದೀಲೇ ಮಾಸ್ತರ?" ಎಂದು ಉಚ್ಚಂಗೆಪ್ಪ ಶುರು ಮಾಡುತ್ತಿದ್ದ. "ಕೆಟ್ಟ ಸೆಟ್ ಮುಟ್ಟಂಗಿಲ್ಲ, ಛಲೋ ಇರೋ ಸೆಟ್ ಬಿಡಂಗಿಲ್ಲ. ಒಂದು ಮೊಳಿ ಬಿದ್ರ ಯಾವ ದಿಕ್ಕಿಗೆ ಬಿತ್ತು ಅಂತ ಮದರಾಸಿಗೆ ಬರೀಬೇಕು. ಉತ್ತರ ಬರೋತನಕ ಅದರ ಮಗ್ಗಲಿಗೆ ಮಕ್ಕಂಡಿರಬೇಕು. ಪಗಾರ ಮಾತ್ರ ತಪ್ಪಂಗಿಲ್ಲ. ನನಗ ಅದಾ ಕೆಲಸ ಬೇಕಪಾ."

ಆಟ ಅಲ್ಲಿಗೇ ನಿಲ್ಲಲಿಲ್ಲ. ಕೀ ಒತ್ತುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕೈ. ನಡಿಗೆ ನೋಡಿ ಆಳನ್ನು ಗುರುತಿಸಿದ ಹಾಗೆ, ಸದ್ದು ಕೇಳಿಯೇ ಇಂಥವನೆಂದು ಹೇಳಬಹುದು. ಉಚ್ಚಂಗೆಪ್ಪ ಗೆರೆಯನ್ನು ಎಳೆದು ಎಳೆದು ಚುಕ್ಕೆಯನ್ನು ನುಂಗುವವನು. ಆದರೆ ತಮಾಷೆಗೆ ಕೂತಾಗ ಇಬ್ಬರೂ ತಮ್ಮ ಕೈ ಬಿಟ್ಟು, ಅಳತೆಕೋಲು ಹಿಡಿದ ಹಾಗೆ, ಜೀವವಿಲ್ಲದ ಸಮಸಮ ಬಡಿತದಲ್ಲಿ, "ನಾನು ಸರ್ಕಾರಿ ಇಂಜಿನಿಯರು, ನಿನ್ನನ್ನು ಹಿಡಿಯಲು ಹೊರಟಿದ್ದೇನೆ" ಎಂದು ಕಳಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಸರ್ಕಾರಿ ಕೈ. ಆ ಕಡೆಯವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಯುದ್ಧ ಬಂತು. ಹವ್ಯಾಸಿಗಳ ಲೈಸೆನ್ಸೆಲ್ಲ ರದ್ದು, ಮಾತು ಕಳಿಸುವ ಸೆಟ್ಟುಗಳನ್ನು ಪೊಲೀಸಿಗೆ ಒಪ್ಪಿಸಬೇಕೆಂದು ಹುಕುಂ ಆಯಿತು. ಲಕ್ಷ್ಮೀನರಸಪ್ಪ ಅಂಜುಕುಳಿ, ಅವತ್ತೇ ಹೊತ್ತುಕೊಂಡು ಹೋಗಿ ಕೊಟ್ಟು, ಬೇರೆ ಲೈಸೆನ್ಸಿದ್ದ ಕೇಳುವ ರೇಡಿಯೋ ಒಂದನ್ನು ಉಳಿಸಿಕೊಂಡ. ಉಚ್ಚಂಗೆಪ್ಪನ ಹತ್ತಿರ ಎರಡಿದ್ದವು. ಒಂದು ಕೊಟ್ಟ, ಒಂದು ಬಚ್ಚಿಟ್ಟ. ಅಂದಿನಿಂದ ಮಧ್ಯಾಹ್ನದ ಗಾಡಿ ಕಳಿಸಿ ಊಟಕ್ಕೆ ಮನೆಗೆ ಬಂದಾಗ ಅವನು ಒಂದಿಷ್ಟು ಹೊತ್ತು ಒಬ್ಬನೇ ಮಾತಾಡಿ ಉತ್ತರಕ್ಕೆ ಕಾಯುತ್ತಿದ್ದ, ಮಡಕಶಿರದಲ್ಲಿ ಗೆಳೆಯ ಕೇಳುತ್ತಿದ್ದಾನೋ ಇಲ್ಲವೋ ತಿಳಿಯದೆ. ಗೆಳೆಯ ಕೇಳುತ್ತಿದ್ದ. ಉತ್ತರ ಕೊಡುವ ದಾರಿ ಇರಲಿಲ್ಲ. ಕಾಗದ ಬರೆದು ಎಚ್ಚರಿಸೋಣವೆಂದರೆ ಕಾಗದಗಳನ್ನು ಒಡೆದು ಓದುತ್ತಾರೆಂದು ಭಯ. ಈ ವರ್ಷ ವಿಶಾಖಪಟ್ಟಣದ ಮೇಲೆ ಜಪಾನಿನವರ ಬಾಂಬು ಬಿದ್ದ ಮೇಲೆ ಆ ಸದ್ದು ಕೇಳಿದಾಗಲೆಲ್ಲ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಕೇಳುತ್ತಿದ್ದ.

ಮುಸಾಫಿರ ಬಂಗಲೆ ಕೋಟೆಬೆಟ್ಟದ ಬುಡದಲ್ಲಿತ್ತು. ದಾರಿಯುದ್ದಕ್ಕೂ ಜುಂಜಣ್ಣ ಸೈಕಲ್ಲು ತಳ್ಳಿಕೊಂಡು ಜೊತೆಗೇ ನಡೆದ.

"ಯಾತಕ್ಕಂತೆ ಜುಂಜಣ್ಣ?"

"ನಂಗೇನ್ ಗೊತ್ತು ಮೇಷ್ಟ್ರೇ. ಈ ಸೀಮೆಲಿ ಯಾರೋ ಕಳ್ಳ ರೇಡಿಯೋ ಮಡೀಕ್ಕಂಡವ್ರಂತೆ. ಜಪಾನ್ನೋರ ಕಡೆಯೋರಿರಬೌದಂತೆ."

"ಜಪಾನ್ನೋರಾ?"

"ಅಂತಾರಪ್ಪ. ಸಿಕ್ಕಿದ್ರೆ ಕೋರ್ಟು ಗೀರ್ಟು ಏನಿಲ್ವಂತೆ, ನೆಟ್ಟಗೆ ಒಳಕ್ಕೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಕ್ಷ್ಮೀನರಸಪ್ಪನಿಗೆ ತಾನು ಏನನ್ನೂ ಕದ್ದಿಲ್ಲವೆಂದು ಗೊತ್ತಿದ್ದರೂ ಹೆಗಲು ಭಾರವಾಯಿತು. ಓಡಿಹೋಗೋಣ ಅನ್ನಿಸಿತು. ಎಲ್ಲಿಗೆ? ಅಗಳಿಯಲ್ಲಿ ಅಕ್ಕನ ಮನೆ ಇದೆ, ಅಲ್ಲಿಗೂ ಪೊಲೀಸರು ಬರುತ್ತಾರೆ.

ಇಂಜಿನಿಯರ್ ಸಾಹೇಬರು ಅವನೆಣಿಸಿದ ಹಾಗೆ ಇರಲಿಲ್ಲ. ತೆಳ್ಳಗಿನ ಆಸಾಮಿ, ಹಣೆಯಲ್ಲಿ ವಿಭೂತಿ, ತಮಿಳು ಬೆರೆತ ಮೆತ್ತಗಿನ ತೆಲುಗು. ಲಕ್ಷ್ಮೀನರಸಪ್ಪನಿಗೆ ಕುರ್ಚಿ ಹಾಕಿಸಿ, ಕುಡಿಯಲು ನೀರು ಕೊಡಿಸಿದರು. ಈ ತಾಲೂಕಿನಲ್ಲಿ ಹಿಂದೆ ಲೈಸೆನ್ಸು ಇದ್ದವನು ನೀನೊಬ್ಬನೇ, ಹುಕುಂ ಆದ ದಿನವೇ ಸೆಟ್ಟು ಒಪ್ಪಿಸಿದವನು, ಒಳ್ಳೆಯವನು ಎಂದರು. ಆ ಮರ್ಯಾದೆ ಅವನನ್ನು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

ಮೇಜಿನ ಮೇಲೆ ರೇಡಿಯೋ ಪೆಟ್ಟಿಗೆಗಳಿದ್ದವು, ಒಂದು ಕೀ ಇತ್ತು. ಕಿಟಕಿಯ ಪಕ್ಕ ಮರದ ಚೌಕಟ್ಟಿಗೆ ತಂತಿ ಸುತ್ತಿ ಕಂಬದ ಮೇಲೆ ನಿಲ್ಲಿಸಿದ್ದರು, ಸಹಾಯಕನೊಬ್ಬ ಅದನ್ನು ಹಿಡಿದು ನಿಂತಿದ್ದ. ಅದು ಏನೆಂದು ಲಕ್ಷ್ಮೀನರಸಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದನ್ನು ತಿರುಗಿಸುತ್ತ ಹೋದರೆ ಸದ್ದು ಬರುವ ದಿಕ್ಕು ಸಿಗುತ್ತದೆ. ಸಾಹೇಬರೇ ಹೇಳಿದರು: ಬಳ್ಳಾರಿಯಲ್ಲೂ ಇಂಥದೇ ಇನ್ನೊಂದು ಕೂತಿದೆ, ಇಲ್ಲಿಂದೊಂದು ಗೆರೆ ಅಲ್ಲಿಂದೊಂದು ಗೆರೆ ನಕ್ಷೆಯ ಮೇಲೆ ಎಳೆದರೆ ಕೂಡಿದ ಕಡೆ ಅವನ ಮನೆ.

"ಆದರೆ ಕಳ್ಳ ಚುರುಕಿನವನು," ಎಂದರು ಸಾಹೇಬರು. "ಚೌಕಟ್ಟು ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಮಾತು ಮುಗಿಸಿ ಎದ್ದುಬಿಡುತ್ತಾನೆ. ಕೇಳು. ಇದು ಯಾರ ಕೈ, ಹೇಳು."

ಹೆಡ್‌ಫೋನನ್ನು ಅವನ ತಲೆಗೆ ಅವರೇ ಸಿಕ್ಕಿಸಿದರು. ಕೊರಕೊರ ಸದ್ದು, ಅದರ ಹಿಂದಿನಿಂದ ಉಚ್ಚಂಗೆಪ್ಪ. ಗೆರೆ ಎಳೆಯುತ್ತ, ಚುಕ್ಕೆ ನುಂಗುತ್ತ, ಊರಲ್ಲಿ ಸೆಕೆ ಎಷ್ಟೆಂದರೆ ಹಳಿ ಮ್ಯಾಲ ರೊಟ್ಟಿ ಸುಡಬೌದು ಎನ್ನುತ್ತಿದ್ದ. ಲಕ್ಷ್ಮೀನರಸಪ್ಪ ಮುಖವನ್ನು ಕಲ್ಲು ಮಾಡಿಕೊಂಡ. ಇವತ್ತು ಬೇಗ ಮುಗಿಸಪ್ಪ, ಬೇಗ ಎದ್ದು ಹೋಗಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಉಚ್ಚಂಗೆಪ್ಪ ಬೇಗನೇ ಮುಗಿಸಿದ. ಕಡೆಯಲ್ಲಿ, ಕೀ ಹಿಡಿಯುವವರೆಲ್ಲ ಬೀಳ್ಕೊಳ್ಳುವಾಗ ಬಡಿಯುವ ಕುಣಿತದ ತಾಳವೊಂದನ್ನು ಬಡಿದು ನಿಲ್ಲಿಸಿದ. ಆ ತಾಳ ಅರ್ಧಕ್ಕೇ ನಿಲ್ಲುತ್ತದೆ. ಕೇಳಿದವನು ಎರಡು ಚುಕ್ಕೆ ಬಡಿದು ಮುಗಿಸಿಕೊಡಬೇಕು. ಅದು ಇವರ ನಮಸ್ಕಾರ.

ಮೇಜಿನ ಮೇಲೆ ಲಕ್ಷ್ಮೀನರಸಪ್ಪನ ತೋರುಬೆರಳು ಎರಡು ಸಲ ಬಡಿಯಿತು.

ಬೆರಳನ್ನು ಮುಷ್ಟಿಯೊಳಗೆ ಎಳೆದುಕೊಂಡಾಗ ಹೊತ್ತು ಮೀರಿತ್ತು. ಮನೆಯಲ್ಲಿ ದಿನಾ ನೆಲದ ಮೇಲೆ ಬಡಿದು ಬಡಿದು ಅಭ್ಯಾಸವಾದ ಬೆರಳು. ಸಾಹೇಬರು ಅದನ್ನೇ ನೋಡುತ್ತಿದ್ದರು.

"ಎಲ್ಲರೂ ಹಾಗೇ ಬಡಿಯುತ್ತಾರೆ, ಸ್ವಾಮಿ," ಎಂದ ಅವನು.

"ಬಡಿಯುತ್ತಾರೆ, ನಾನೂ ಬಡಿಯುತ್ತೇನೆ," ಎಂದರು ಸಾಹೇಬರು ಮೆಲ್ಲಗೆ. "ಗುರುತಿನವರಿಗೆ. ಶತ್ರುವಿಗೆ ಯಾರು ನಮಸ್ಕಾರ ಮಾಡುತ್ತಾರೆ?"

ಆಮೇಲೆ ಅವರು ಗದರಲಿಲ್ಲ. ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿದರು. ಕಳ್ಳನನ್ನು ಬಲ್ಲವನೂ ಕಳ್ಳನ ಜೊತೆಗೇ ಒಳಗೆ ಹೋಗುತ್ತಾನೆ, ಕಾನೂನು ಹಾಗಿದೆ ಎಂದರು. ಕೀಯನ್ನು ಅವನ ಮುಂದೆ ಸರಿಸಿದರು. "ಕರೆ ಅವನನ್ನು. ನಿನ್ನ ಹಳೆಯ ಲೈಸೆನ್ಸಿನ ಗುರುತಿನ ಅಕ್ಷರದಲ್ಲೇ ಕರೆ. ಯೋಗಕ್ಷೇಮ ವಿಚಾರಿಸು. ಮಾತಾಡಿಸುತ್ತಾ ಇರು, ಅಷ್ಟೇ. ನೀನು ಒತ್ತುವ ಒಂದೊಂದು ಅಕ್ಷರವೂ ನನಗೆ ಕೇಳಿಸುತ್ತದೆ, ಬರೆದು ತಾಸೀಲ್ದಾರರಿಂದ ಓದಿಸುತ್ತೇನೆ, ನೆನಪಿರಲಿ."

ಇಲ್ಲ ಎನ್ನಬೇಕಿತ್ತು. ಎಂಥೆಂಥವರೋ ಹಾಗೆ ಎಂದಿದ್ದಾರೆ. ಲಕ್ಷ್ಮೀನರಸಪ್ಪನಿಗೆ ಈಶ್ವರಮ್ಮ ಅಂಗಿಯ ಗುಂಡಿ ಹಾಕಿದ್ದು ನೆನಪಾಯಿತು. ಕೈ ತಾನಾಗಿ ಕೀಯ ಮೇಲೆ ಹೋಯಿತು.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಅಕ್ಷರವನ್ನು ಸಾಹೇಬರು ಕಾಯುತ್ತಾರೆ, ಕೈಯನ್ನು ಯಾರು ಕಾಯುತ್ತಾರೆ? ಸರ್ಕಾರಿ ಕೈಯಲ್ಲಿ ಕಳಿಸಿದರೆ ಸರಿ. ಪಕ್ಕದಲ್ಲಿ ಸರ್ಕಾರ ಕೂತಿದೆ ಎಂದು ಉಚ್ಚಂಗೆಪ್ಪನಿಗೆ ತಿಳಿದೀತು. ತಿಳಿದು ಬ್ಯಾಟರಿ ಕಿತ್ತು ಓಡಿಯಾನು. ಬೆವರಿದ ಬೆರಳಿನಿಂದ, ಅಳತೆಕೋಲು ಹಿಡಿದ ಹಾಗೆ, ಒಂದಕ್ಕೊಂದು ಸಮವಾಗಿ ಅವನು ಬಡಿದ: ನಿನ್ನ ಸದ್ದು ಕೇಳುತ್ತಿದೆ. ಹೇಗಿದ್ದೀಯೆ? ಮನೆಯಲ್ಲಿ ಎಲ್ಲ ಕ್ಷೇಮವೆ?

"ಎಷ್ಟು ಚೊಕ್ಕ ಕೈ," ಎಂದರು ಸಾಹೇಬರು, ಮನಃಪೂರ್ವಕವಾಗಿಯೇ. "ನೀನು ನಮ್ಮ ಇಲಾಖೆಗೆ ಬರಬೇಕಿತ್ತು."

ಹೆಡ್‌ಫೋನಿನಲ್ಲಿ ಕೊರಕೊರ ಬಿಟ್ಟರೆ ಏನಿಲ್ಲ. ಎದ್ದುಹೋಗಿದ್ದಾನೆ. ತಿಳಿಯಿತು ಅವನಿಗೆ, ಬದುಕಿದ. ಲಕ್ಷ್ಮೀನರಸಪ್ಪ ಕಣ್ಣು ಮುಚ್ಚಿ ಕದಿರೀ ನರಸಿಂಹನಿಗೆ ಕೈ ಮುಗಿಯುವಷ್ಟರಲ್ಲಿ ಸದ್ದು ಬಂತು.

ಚುಕ್ಕೆ ಚುಕ್ಕೆ ಚುಕ್ಕೆ ಚುಕ್ಕೆ, ಚುಕ್ಕೆ ಚುಕ್ಕೆ. ಕೀ ಹಿಡಿದವರು ನಗುವುದು ಹಾಗೆ. ಉಚ್ಚಂಗೆಪ್ಪ ನಗುತ್ತಿದ್ದ. ನಿಲ್ಲಿಸಲಾರದೆ ನಗುತ್ತಿದ್ದ.

"ಬಂದ್ರೇನ್ರಿ ಸರಕಾರಿ ಇಂಜಿನೀರ್ ಸಾಹೇಬ್ರ? ಹಿಡಿಯಾಕ ಬಂದ್ರಿ? ಬರ್ರಿ, ಬರ್ರಿ. ತಿನ್ನಾಕ ಮಿರ್ಚಿ ವಗ್ಗರಣಿ ಮಾಡಿಸಿರ್ತೀನಿ. ಲೇ ಮಾಸ್ತರ, ಸೆಟ್ ಯಾವಾಗ ಕಟ್ಟಿದಿಲೇ? ಇಷ್ಟ ದಿನ ಗೋಡಿಗೆ ಮಾತಾಡಿದಂಗ ಆಗಿತ್ತಲೇ ನನಗ."

ತಾನು ಮಾಡಿದ್ದೇನೆಂದು ಲಕ್ಷ್ಮೀನರಸಪ್ಪನಿಗೆ ಅರ್ಥವಾಯಿತು. ಬೇರೆ ಯಾರ ಕೈಯಲ್ಲಿ ಕರೆದಿದ್ದರೂ ಉಚ್ಚಂಗೆಪ್ಪ ಅನುಮಾನ ಪಡುತ್ತಿದ್ದ. ಈ ಕೈಗೆ ಅವನು ಹೆದರಲಾರ.

"ಏನನ್ನುತ್ತಾನೆ?" ಎಂದರು ಕನ್ನಡ ಬಾರದ ಸಾಹೇಬರು.

"ಕ್ಷೇಮ ಅನ್ನುತ್ತಾನೆ, ಸ್ವಾಮಿ."

ಕಿಟಕಿಯ ಬಳಿ ಚೌಕಟ್ಟು ಮೆಲ್ಲಗೆ ತಿರುಗತೊಡಗಿತ್ತು. "ಹೆಂಡತಿ ಮಕ್ಕಳ ಸಮಾಚಾರ ಕೇಳು," ಎಂದರು ಸಾಹೇಬರು. ಲಕ್ಷ್ಮೀನರಸಪ್ಪ ಕೇಳಿದ. ಅದೇ ಸಮಸಮ ಬಡಿತದಲ್ಲಿ, ಇನ್ನೂ ಗಟ್ಟಿಯಾಗಿ, ಇನ್ನೂ ನಿರ್ಜೀವವಾಗಿ, ಈಗಲಾದರೂ ತಿಳಿಯಲಿ ಎಂದು. ಆ ಕಡೆ ನಗು ಇಮ್ಮಡಿಯಾಯಿತು.

"ಪಾಲಮ್ಮ ಬೈಯಾಕತ್ಯಾಳ, ಅನ್ನ ಆರಿ ಹೋತು ಅಂತ. ಸಾಯ್ಲಿ ಬಿಡು ಅನ್ನ. ನೀ ಸಿಕ್ಕೀಯಲ್ಲ. ಮಗಳು ಹುಟ್ಯಾಳಲೇ. ಹ್ವಾದ ದೀಪಾವಳಿಗೆ. ತೊಡಿ ಮ್ಯಾಲ ಕುಂತಾಳ ನೋಡು, ಕೀ ಕಸ್ಕೊಳಾಕತ್ಯಾಳ. ತಡಿ, ಕಾಕಾಗ ಆಕೀನ ಮಾತಾಡ್ಲಿ."

ಆಮೇಲೆ ಬಂದದ್ದು ಅಕ್ಷರವಲ್ಲ. ಮೊದಲು ಕೆಲವು ಪೆದ್ದು ಬಡಿತಗಳು. ಅಂಗೈಯಿಂದ ತಟ್ಟಿದ ಹಾಗೆ, ಹಿಡಿಯಲು ಹೋಗಿ ಜಾರಿದ ಹಾಗೆ. ಆಮೇಲೆ ಪುಟ್ಟ ಕೈಗೆ ಕೀಯ ಹಿಡಿ ಸಿಕ್ಕಿರಬೇಕು. ಒಂದು ಗೆರೆ ಶುರುವಾಯಿತು, ನಿಲ್ಲಲಿಲ್ಲ.

ಸಹಾಯಕ ಬೆರಗಾಗಿ ಸಾಹೇಬರ ಕಡೆ ನೋಡಿದ. ಚೌಕಟ್ಟು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಆಡಿ, ನಿಂತಿತು. ಸಾಹೇಬರು ಬಗ್ಗಿ ನಕ್ಷೆಯ ಮೇಲೆ ಅಳತೆಕೋಲು ಇಟ್ಟರು. ಲಕ್ಷ್ಮೀನರಸಪ್ಪನ ಕಿವಿಯಲ್ಲಿ ಗೆರೆ ಇನ್ನೂ ಬರುತ್ತಲೇ ಇತ್ತು. ಮಗು ಕೈ ಎತ್ತಲಿಲ್ಲ.