ಟೆಂಪರ್ಲಿಯ ಕಲೆಯಿಲ್ಲದ ಚಿತ್ರ

ನಾರ್ಥಂಬರ್ಲೆಂಡಿನ ಹಂಫ್ರಿ ಟೆಂಪರ್ಲಿಗೆ ಇದ್ದದ್ದು ಒಂದೇ ಆಸೆ. ಸಾಯುವುದರೊಳಗೆ, ಸಿಡಿಯುವ ನಕ್ಷತ್ರವೊಂದನ್ನು ಎಲ್ಲರಿಗಿಂತ ಮೊದಲು ತಾನು ಕಾಣಬೇಕು, ದಾಖಲೆಯಲ್ಲಿ ತನ್ನ ಹೆಸರು ಕೂರಬೇಕು. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ ಹಿತ್ತಲಿನಲ್ಲಿ ದೂರದರ್ಶಕಕ್ಕೆಂದು ಕೋಳಿಗೂಡಿನಷ್ಟು ಗುಮ್ಮಟ ಕಟ್ಟಿಕೊಂಡು, ಹತ್ತೊಂಬತ್ತು ವರ್ಷ ದೂರದ ಸುರುಳಿ ಗೆಲಾಕ್ಸಿಗಳ ಫೋಟೊ ತೆಗೆದ. ಆ ಊರಿನ ಮೋಡದ ಕೆಳಗೆ ಅದು ಹುಚ್ಚೇ ಸರಿ.

ಈ ಸಲದ ಗೆಲಾಕ್ಸಿ ಐದು ವಾರ ತಿಂದಿತು. ಬಿಡಿ ಚಿತ್ರಗಳು ನೂರಿಪ್ಪತ್ತು; ಕೊನೆಯ ಮಂಗಳವಾರ ಸಿಕ್ಕಿದ್ದು ಒಂಬತ್ತೇ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡೆಂದು ಕಂಪ್ಯೂಟರಿಗೆ ಕೊಟ್ಟರೆ, ಹೆಚ್ಚಿನವುಗಳಲ್ಲಿ ಇಲ್ಲದ ಚುಕ್ಕೆಯನ್ನು ಅದು ಕಸವೆಂದು ಗುಡಿಸಿಹಾಕುತ್ತದೆ. ಹಂಫ್ರಿ ಆ ಪೊರಕೆಯನ್ನು ಜೋರಾಗಿಯೇ ಆಡಿಸುತ್ತಿದ್ದ. ಚಿತ್ರದ ವಿಷಯದಲ್ಲಿ ಅವನದು ಭಾರಿ ಮಡಿ. ಬುಧವಾರ ಚಿತ್ರ ಮುಗಿಸಿ ಊರಿನ ನಕ್ಷತ್ರವೀಕ್ಷಕರ ಸಂಘಕ್ಕೆ ಕಳುಹಿಸಿದ. ಪದ್ಧತಿಯಂತೆ ಬಿಡಿ ಚಿತ್ರಗಳನ್ನೆಲ್ಲ ಅಳಿಸಿದ. ಮಂಗಳವಾರದ್ದೊಂದನ್ನು ಮಾತ್ರ, ನಕ್ಷತ್ರಗಳು ಎಷ್ಟು ದುಂಡಗಿವೆ ನೋಡು ಎಂದು ಜಂಬಪಟ್ಟು, ಪೆನ್‌ಡ್ರೈವಿನಲ್ಲಿ ಹಾಕಿ ಸಂಘದ ಗೆಳೆಯ ಕ್ಲೈವ್ ಓಗಲ್‌ಗೆ ಕೊಟ್ಟಿದ್ದ.

ಶನಿವಾರ ಸಂಘದ ಸಭೆ. ಅದೇ ಗೆಲಾಕ್ಸಿಯಲ್ಲಿ ಗುರುವಾರ ಕ್ಲೈವ್ ಸಿಡಿದ ನಕ್ಷತ್ರ ಕಂಡುಹಿಡಿದನಂತೆ, ಹೆಸರೂ ದಾಖಲಾಯಿತಂತೆ. ಹಂಫ್ರಿಯ ಹೊಟ್ಟೆಗೆ ಬೆಂಕಿ ಬಿತ್ತು. ಆದರೂ ಕೈಕುಲುಕಲು ಹೋದ.

"ನಿನ್ ಫೋಟೊದಲ್ಲೇ ಕಾಣಿಸ್ತು ಕಣಯ್ಯಾ," ಎಂದ ಕ್ಲೈವ್, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. "ಮಂಗಳವಾರದ್ದು. ಅಷ್ಟ್ ದಪ್ಪಗಿತ್ತು, ನೋಡ್ಲೇ ಇಲ್ವಾ?"

"ಆ ಪೆನ್‌ಡ್ರೈವ್ ಕೊಡಿಲ್ಲಿ."

"ಅಯ್ಯೋ, ಅದನ್ನ ಖಾಲಿ ಮಾಡಿ ಮೊಮ್ಮಗಳ ಬರ್ತ್‌ಡೇ ಫೋಟೊ ತುಂಬಿಸಿದೀನಲ್ಲೋ. ನಿನ್ ಹತ್ರ ಮಂಗಳವಾರದ್ದು ಒಂಬತ್ತೂ ಇರ್ಬೇಕಲ್ಲ?" ಹಂಫ್ರಿಯ ಮುಖ ನೋಡಿ ನಕ್ಕ. "ಓ, ಗುಡಿಸ್ಬಿಟ್ಯಾ!"

ಹತ್ತೊಂಬತ್ತು ವರ್ಷ ಕಾದ ತುತ್ತು ಬಾಯಿಗೇ ಬಂದಿತ್ತು, ತಾನೇ ಉಗಿದಿದ್ದ. ಹಂಫ್ರಿ ಹೋಗಿ ಖಾಲಿ ಕುರ್ಚಿಯೊಂದರಲ್ಲಿ ಕೂತ.

ಪರದೆಯ ಮೇಲೆ ಎರಡು ಚಿತ್ರ ಬಿದ್ದವು. "ಬಲಗಡೆ ನಂದು, ಗುರುವಾರದ್ದು," ಎಂದ ಕ್ಲೈವ್. "ಎಡಗಡೆ ಹಂಫ್ರಿದು, ಮಂಗಳವಾರದ ತನಕದ್ದು. ಎಷ್ಟ್ ಕ್ಲೀನು ನೋಡ್ರಪ್ಪಾ, ಒಂದು ಚುಕ್ಕೆ ಇಲ್ಲ! ಮಂಗಳವಾರ ಅಲ್ಲಿ ಏನೂ ಇರ್ಲಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ದಾಖಲೆಗೆ ಇದನ್ನೇ ಕಳ್ಸಿದೀನಿ, ಅವನ ಹೆಸರು ಹಾಕೇ ಕಳ್ಸಿದೀನಿ."

ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಮುದುಕಿಯೊಬ್ಬಳು ಅಕ್ಕರೆಯಿಂದ ಬೆನ್ನು ತಟ್ಟಿದಳು: "ಅಂತೂ ಹೆಸರು ಬಂತಲ್ಲಪ್ಪಾ. ಎದ್ದು ನಿಂತ್ಕೋ, ಎಲ್ರೂ ನೋಡ್ಲಿ."

ಹಂಫ್ರಿ ಎದ್ದು ನಿಂತ.