ಯಾವ ಕಲ್ಲಿನ ಹತ್ತಿರ?

"ಅವಂಗ ಹೊಸಾ ಟೈರು, ನಂಗ ಹಳೇ ರಿಸೋಲ್ ಟೈರು! ಹೌದಿಲ್ಲೋ ಹೇಳು!"

ಸಿಟ್ಟಿನಲ್ಲಿ ಸ್ಟಿಯರಿಂಗಿಗೆ ಗುದ್ದಿದೆ. ಹಾರ್ನು ಕೂಗಿತು.

"ಕೂಗಾಡಬೇಡಿ ಬಸಣ್ಣ. ಇಬ್ಬರ ವೆಬ್‌ಸೈಟನ್ನೂ ಮಾಡಿದ್ದು ನಾನೇ," ಎಂದಳು ಪಕ್ಕದಲ್ಲಿ ಕೂತಿದ್ದ ಸ್ಫೂರ್ತಿ.

"ಅದಕ್ಕ ಕೇಳಾಕತ್ತೀನಿ! ಅವಂದು ಯಾಕ ಓಡತೈತಿ, ನಂದು ಯಾಕ ನಿಂತೈತಿ?"

ನಾವಿದ್ದದ್ದು ಅರಬೈಲ್ ಘಟ್ಟದ ಒಂದು ತಿರುವಿನಲ್ಲಿ, ನನ್ನ ಪಿಕಪ್ಪಿನೊಳಗೆ. ಸ್ಫೂರ್ತಿ ಶಿರಸಿಯವಳು, ವೆಬ್‌ಸೈಟ್ ಮಾಡಿಕೊಡುವ ಕೆಲಸ. ನನ್ನದು ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಲಾರಿ ಗ್ಯಾರೇಜು. ಈ ಘಟ್ಟದಲ್ಲಿ ಲಾರಿ ಕೆಟ್ಟು ನಿಂತರೆ ಮೊದಲ ಫೋನು ನನಗೇ ಬರುತ್ತಿತ್ತು. ಈಗ ರಾಘುವಿಗೆ ಹೋಗುತ್ತದೆ. ರಾಘು ನನ್ನ ಹತ್ತಿರವೇ ಪಾನಾ ಹಿಡಿಯುವುದನ್ನು ಕಲಿತವನು. ಕಲಿತು, ನನ್ನ ಗ್ಯಾರೇಜಿನಿಂದ ಸ್ವಲ್ಪ ಆಚೆ ಸ್ವಂತ ಗ್ಯಾರೇಜು ಹಾಕಿದ. ವೆಬ್‌ಸೈಟ್ ಮಾಡಿಸಿದ ಮೇಲಂತೂ ಅವನ ಪಿಕಪ್ಪು ಹಗಲೆಲ್ಲ ಘಟ್ಟದಲ್ಲೇ ಇರುತ್ತದೆ. ನನ್ನ ಬಾಗಿಲ ಮುಂದೆಯೇ ಹಾದುಹೋಗುತ್ತದೆ, ಹಾರ್ನು ಹೊಡೆದುಕೊಂಡು. ಅದನ್ನು ನೋಡುತ್ತ ಕೂತರೆ ಚಹಾ ಆರಿಹೋಗುತ್ತದೆ.

ಅದಕ್ಕೇ ನಾನೂ ಸ್ಫೂರ್ತಿಯನ್ನು ಕರೆಸಿದೆ. ಅವನದಕ್ಕಿಂತ ದೊಡ್ಡದಾಗಬೇಕು ಅಂದೆ. ತೆರೆದ ಕೂಡಲೇ ಲಾರಿಯ ಗಾಲಿ ತಿರುಗುತ್ತ ಬರಬೇಕು. ಆಮೇಲೆ ಅಪ್ಪನ ಹಾರ ಹಾಕಿದ ಫೋಟೋ, ಆಯುಧ ಪೂಜೆಯ ವಿಡಿಯೋ, ಲಾರಿ ಮಾಲೀಕರ ಸಂಘದವರು ನನಗೆ ಶಾಲು ಹೊದಿಸಿದ ಫೋಟೋ. ಕೊನೆಯಲ್ಲಿ ಫೋನ್ ನಂಬರು.

"ಭಾರ ಆಗ್ತದೆ ಬಸಣ್ಣ," ಅಂದಿದ್ದಳು.

"ಭಾರ ಎಳೆಯೂದ ನಮ್ಮ ದಂಧೆ," ಅಂದಿದ್ದೆ.

ಗ್ಯಾರೇಜಿನ ವೈಫೈಯಲ್ಲಿ ತೆರೆದರೆ ಮದುವೆ ಮನೆಯ ಹಾಗೆ ಝಗಮಗ. ಬಂದವರಿಗೆಲ್ಲ ತೋರಿಸಿದೆ. ಫೋನು ಮಾತ್ರ ಬರಲಿಲ್ಲ. ಅವಳನ್ನು ಮತ್ತೆ ಕರೆಸಿ ಬೈದೆ. "ಡ್ರೈವರು ನಿಮ್ಮ ಗ್ಯಾರೇಜಿನಲ್ಲಿ ಕೂತು ನೋಡೂದಲ್ಲ, ಘಟ್ಟದಲ್ಲಿ ನಿಂತು ನೋಡೂದು. ಅಲ್ಲಿಗೇ ಹೋಗಿ ನೋಡುವ," ಎಂದು ಎದ್ದಳು. ಹಾಗಾಗಿ ಇಲ್ಲಿದ್ದೆವು.

ಫೋನಿನಲ್ಲಿ ಸಿಗ್ನಲ್ಲಿನ ಒಂದೇ ಕಡ್ಡಿ. ನನ್ನ ಪುಟ ತೆರೆದಳು. ಗಾಲಿ ಬಂತು, ಅರ್ಧ ತಿರುಗಿತು, ನಿಂತಿತು. ಬಹಳ ಹೊತ್ತಿನ ಮೇಲೆ ಅಪ್ಪನ ಹಾರ ಕಂಡಿತು. ಮುಖ ಕಾಣಲಿಲ್ಲ. ನಂಬರಂತೂ ಇನ್ನೂ ಎಲ್ಲೋ ಕೆಳಗೆ.

"ಈಗ ರಾಘುಂದು ನೋಡಿ."

ಒತ್ತಿದ ಕೂಡಲೇ ತೆರೆಯಿತು. ಫೋಟೋ ಇಲ್ಲ, ಬಣ್ಣ ಇಲ್ಲ. ಮೇಲೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಹಿಂದಿಯಲ್ಲೂ: ಯಾವ ಕಲ್ಲಿನ ಹತ್ತಿರ ನಿಂತಿದ್ದೀರಿ? ಅದರ ಕೆಳಗೆ ಫೋನ್ ಮಾಡಲು ಒಂದು ಹಸಿರು ಗುಂಡಿ. ಅಷ್ಟೇ.

ನನಗೆ ಮೈಯೆಲ್ಲ ಉರಿದುಹೋಯಿತು. ಹೊರರಾಜ್ಯದ ಡ್ರೈವರಿಗೆ ಈ ಘಟ್ಟದ ತಿರುವುಗಳ ಹೆಸರು ಗೊತ್ತಿರುವುದಿಲ್ಲ. ಎಲ್ಲಿದ್ದೀಯಪ್ಪಾ ಎಂದರೆ ಕಾಡಿನಲ್ಲಿ ಅನ್ನುತ್ತಾನೆ. ಅದಕ್ಕೆ ನಾನು ಫೋನು ಎತ್ತಿದ ಕೂಡಲೇ ಕಿಲೋಮೀಟರ್ ಕಲ್ಲಿನ ನಂಬರು ಕೇಳುತ್ತಿದ್ದೆ. ಆಮೇಲೆ ಫೋನು ಕಟ್ಟಾದರೂ ಗಾಡಿ ಸಿಗುತ್ತದೆ.

"ಇದು ನನ್ನ ಮಾತು! ಕಳ್ಳ ಸೂ... ನನ್ನ ಮಾತು ಕದ್ದು ಹಾಕ್ಯಾನ!"

"ಫೋನ್ ಬಂದ್ರೆ ಮೊದಲು ಎಂತ ಕೇಳ್ತೀರಿ ಅಂತ ನಿಮ್ಮನ್ನೂ ಕೇಳಿದ್ದೆ. ನೀವು ಶಾಲಿನ ಫೋಟೋ ಕೊಟ್ಟಿರಿ. ರಾಘು ಇದನ್ನ ಹೇಳಿದ. ಬಸಣ್ಣ ಹಿಂಗೇ ಕೇಳ್ತಿದ್ದ ಅಂತಲೂ ಹೇಳಿದ."

ಆ ಕೊನೆಯ ಮಾತು ಇನ್ನೂ ಕೆಟ್ಟದಾಗಿ ಚುಚ್ಚಿತು. ಕದ್ದವನು ಸುಳ್ಳಾದರೂ ಹೇಳಬೇಕಿತ್ತು.

ಅಷ್ಟರಲ್ಲಿ ಮೇಲಿನಿಂದ ರಾಘುವಿನ ಪಿಕಪ್ಪೇ ಬಂತು, ಹಿಂದೆ ಸರಪಳಿ ಕುಣಿಸುತ್ತ. ನಮ್ಮ ಪಕ್ಕ ನಿಧಾನ ಮಾಡಿ ತಲೆ ಹೊರಗೆ ಹಾಕಿದ.

"ಏನ್ರೀ ಬಸಣ್ಣಾ, ನಿಮ್ ಗಾಡೀನೂ ಕೈಕೊಡ್ತೇನು? ಯಾವ ಕಲ್ಲು?"

ತಾನೇ ನಕ್ಕ. ಕೆಳಗೆ ಹರಿಯಾಣದ ಲಾರಿಯೊಂದರ ಆಕ್ಸಲ್ ಮುರಿದಿದೆ, ಬರ್ತೀರೇನ್ರಿ ಕೂಡಿ ಎಳೆಯೋಣ ಎಂದು ಕರೆದ. ನಾನು ಮುಖ ತಿರುಗಿಸಿದೆ. ಹೊರಟುಹೋದ.

ಸ್ಫೂರ್ತಿ ಮೆತ್ತಗೆ ಹೇಳಿದಳು. "ಸಂಜೆಯೊಳಗೆ ನಿಮ್ಮದನ್ನೂ ಸರಿ ಮಾಡ್ತೇನೆ. ಗಾಲಿ ಬೇಡ. ಫೋಟೋ ಎಲ್ಲ ಒಳಗಿನ ಪುಟಕ್ಕೆ. ಮೇಲೆ ಕಲ್ಲಿನ ಪ್ರಶ್ನೆ, ಅದರ ಬುಡಕ್ಕೇ ನಂಬರು. ಗಾಡಿ ಕೆಟ್ಟು ನಿಂತವಂಗೆ ಅಷ್ಟು ಸಾಕು ಮಾರಾಯ್ರೆ."

"ಮೊದಲು ಅವಂದರಾಗಿಂದ ಆ ಮಾತು ತೆಗಿ."

"ಎಂತಕ್ಕೆ?"

"ಅದು ನಂದು. ಅವನ ಪುಟದಾಗ ಇರಬಾರದು."

"ಅವನದ್ದು ಹಾಳು ಮಾಡಿದ್ರೆ ನಿಮ್ಮದು ಚಲೋ ಆಗ್ತದಾ? ನಾನು ತೆಗೆಯೂದಿಲ್ಲ."

"ಯಾಕ ತೆಗೀತಿ? ಅವನ ಗ್ಯಾರೇಜಿನಾಗ ಕೂತು ಚಾ ಕುಡದೀಯಲ್ಲ. ಬರೇ ಚಾ ಏನ್ ಮೇಡಂ, ಮತ್ತ ಏನರ ಐತೋ?"

ಅವಳು ನನ್ನನ್ನು ನೋಡಿದಳು. ಫೋನು ಚೀಲಕ್ಕೆ ಹಾಕಿ, ಬಾಗಿಲು ತೆಗೆದು ಇಳಿದಳು. ಅಂಕೋಲೆ ಕಡೆಯಿಂದ ಹುಬ್ಬಳ್ಳಿ ಬಸ್ಸು ಏದುಸಿರು ಬಿಡುತ್ತ ಹತ್ತಿ ಬರುತ್ತಿತ್ತು. ಕೈ ಮಾಡಿದಳು.

"ಏ ತಂಗೀ, ಹತ್ತು. ನಾನ ಬಿಟ್ಟು ಬರ್ತೀನಿ," ಎಂದೆ.

ತಿರುಗಿ ನೋಡಲಿಲ್ಲ. ಬಸ್ಸು ತಿರುವು ದಾಟಿತು.

ಫೋನು ಮಾಡಿದೆ, ಎತ್ತಲಿಲ್ಲ. ಶಿರಸಿಗೆ ಹೋಗುವವರ ಕೈಲಿ ಬಾ ಎಂದು ಹೇಳಿ ಕಳಿಸಿದೆ. ನನ್ನ ಪುಟ ಹಾಗೇ ಇದೆ. ಘಟ್ಟಕ್ಕೆ ಹೋದಾಗಲೆಲ್ಲ ತೆರೆದು ನೋಡುತ್ತೇನೆ, ಗಾಲಿ ಅರ್ಧ ತಿರುಗಿ ನಿಲ್ಲುತ್ತದೆ. ಆಮೇಲೆ ರಾಘುವಿನದನ್ನು ತೆರೆಯುತ್ತೇನೆ. ನೋಡಬಾರದು ಅಂದುಕೊಂಡೇ ತೆರೆಯುತ್ತೇನೆ. ಸ್ಫೂರ್ತಿ ಮತ್ತೆ ನಮ್ಮ ಗ್ಯಾರೇಜಿಗೆ ಬರಲಿಲ್ಲ.